ನಿಫೇರಿಯಸ್ ಅಂದ್ರ ಬರೇ ಕೆಟ್ಟದ್ದು ಅಲ್ಲ

ಇಂಗ್ಲಿಷ್ ಪೇಪರ್ ಓದೋ ರೂಢಿ ಇದ್ದೋರಿಗೆ ನಿಫೇರಿಯಸ್ (nefarious) ಅನ್ನೋ ಪದ ಆಗಾಗ ಕಣ್ಣಿಗೆ ಬಿದ್ದೇ ಬೀಳ್ತೈತಿ. ಗಡಿ ಆಚೆಯವರ ಬಗ್ಗೆ ಮಂತ್ರಿಗಳ ಹೇಳಿಕೆ ಬಂತಂದ್ರ ನಿಫೇರಿಯಸ್ ಡಿಸೈನ್ಸ್, ಕಳ್ಳಸಾಗಣೆ ಸುದ್ದಿ ಬಂತಂದ್ರ ನಿಫೇರಿಯಸ್ ಆಕ್ಟಿವಿಟೀಸ್. ನಾನು ಸಿಂಧನೂರಿನ್ಯಾಗ ಕಾಂಪಿಟೇಟಿವ್ ಪರೀಕ್ಷೆಗೆ ಓದೋ ಹುಡುಗ್ರು ಹುಡುಗೇರಿಗೆ ಸಂಜಿ ಹೊತ್ತು ಇಂಗ್ಲಿಷ್ ಹೇಳಿಕೊಡ್ತೀನಿ, ಅವ್ರ ನೋಟ್‌ಬುಕ್ಕಿನ್ಯಾಗ ಈ ಪದದ ಮುಂದ ಒಂದೇ ಮಾತು ಬರ್ದಿರ್ತೈತಿ, ದುಷ್ಟ. ಅದ್ರ ಕೆಳಗ ವಿಕೆಡ್, ಅದರ ಮುಂದನೂ ದುಷ್ಟ. ಹೇನಸ್, ದುಷ್ಟ. ವಿಲನಸ್, ದುಷ್ಟ. ಸಿನಿಸ್ಟರ್, ಅದೂ ದುಷ್ಟ. ನಾಲ್ಕು ಆಯ್ಕೆ ಕೊಟ್ಟು ಸಮಾನಾರ್ಥ ಪದ ಕೇಳೋ ಪ್ರಶ್ನೆಗೆ ಇಷ್ಟು ಸಾಕಾಗಬಹುದು, ಆದ್ರ ನಾಳೆ ನೌಕರಿ ಸಿಕ್ಕ ಮ್ಯಾಲೆ ಇವ್ರೇ ರಿಪೋರ್ಟ್ ಬರೀಬೇಕು, ಕಂಪ್ಲೇಂಟ್ ಬರೀಬೇಕು, ಒಬ್ಬ ಮನುಷ್ಯ ಏನ್ ಮಾಡಿದ ಅಂತ ಕಾಗದದ ಮ್ಯಾಲೆ ಇಡಬೇಕು, ಆವಾಗ ಯಾವ ಪದ ಎಲ್ಲಿ ಹಾಕ್ತಾರ ಅನ್ನೋದ್ರ ಮ್ಯಾಲೆ ಒಬ್ಬರ ಬದುಕು ನಿಂತಿರ್ತೈತಿ, ಅದಕ್ಕ ಈ ಒಂದು ಪದದ ಬಗ್ಗೆ ನನಗ ತಿಳಿದಷ್ಟು ಬರೀತೀನಿ.

ಮೊದ್ಲು ಉಚ್ಚಾರ. ಬಹಳ ಮಂದಿ ನೆಫಾರಿಯಸ್ ಅಂತಾರ, ಅದು ನಿ-ಫೇ-ರಿ-ಅಸ್, ಒತ್ತು ಬೀಳೋದು ಫೇ ಮ್ಯಾಲೆ. ಹಂಗ ಹೇನಸ್ (heinous) ಅನ್ನೋದನ್ನ ಸ್ಪೆಲಿಂಗ್ ನೋಡಿ ಹೀನಿಯಸ್ ಅಂತಾರ, ಅದಕ್ಕ ಮಧ್ಯದಾಗ ಇ ಸ್ವರ ಇಲ್ಲ, ಹೇನಸ್ ಅಷ್ಟೇ.

ಇನ್ನ ಪದ ಹುಟ್ಟಿದ್ದು ಎಲ್ಲಿಂದ. ಲ್ಯಾಟಿನ್ ಭಾಷಾದಾಗ ಫಾಸ್ ಅಂತ ಒಂದು ಮಾತಿತ್ತು, ದೇವರು ಒಪ್ಪೋ ಅಂಥಾದ್ದು, ಮಾಡಿದ್ರ ತಪ್ಪಿಲ್ಲ ಅನ್ನೋ ಅಂಥಾದ್ದು ಅಂತ ಅರ್ಥ. ಅದಕ್ಕ ಹಿಂದ ನಕಾರ ಸೇರಿಸಿದ್ರ ನೆಫಾಸ್. ರೋಮನ್ನರ ಹತ್ರ ಎರಡು ಥರದ ಕಾನೂನು ಇದ್ವು ನೋಡ್ರಿ, ಮನುಷ್ಯರು ಮಾಡಿಕೊಂಡಿದ್ದಕ್ಕ ಯೂಸ್ ಅಂತಿದ್ರು, ಇಂಗ್ಲಿಷಿನ ಜಸ್ಟಿಸ್ ಪದ ಬಂದಿದ್ದು ಅದ್ರಿಂದ, ಮನುಷ್ಯರ ಕಾನೂನಿಗಿಂತ ಮ್ಯಾಲಿಂದಕ್ಕ ಫಾಸ್. ಕೋರ್ಟ್ ಬಿಡಬಹುದು, ಸಾಕ್ಷಿ ಇಲ್ಲಂತ ಕೇಸ್ ಬಿದ್ದು ಹೋಗಬಹುದು, ಆದ್ರ ನೆಫಾಸ್ ಮಾಡ್ದೋನು ಮಾಡ್ದೋನೇ. ಈ ನೆಫಾಸ್‌ನಿಂದ ನೆಫಾರಿಯುಸ್ ಆಗಿ, 1600ರ ಆಸುಪಾಸಿಗೆ ಇಂಗ್ಲಿಷಿಗೆ ಬಂತು.

ಇದನ್ನ ಕ್ಲಾಸಿನ್ಯಾಗ ಹೇಳಿದಾಗ ಹುಡುಗ್ರಿಗೆ ಲಗೂನ ತಿಳೀತು, ಯಾಕಂದ್ರ ನಮ್ಮ ಊರುಗಳಾಗ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡೋದಿಲ್ಲ. ಬಸವಣ್ಣನ ವಾರ ಅದು. ಟ್ರ್ಯಾಕ್ಟರ್ ಬಂದ ಮ್ಯಾಲೆ ಎತ್ತು ಕಟ್ಟೋರೇ ಕಮ್ಮಿ ಆಗ್ಯಾರ, ಖರೆ, ಆದ್ರ ಕಟ್ಟಿದೋರ ಮನ್ಯಾಗ ಈ ನಿಯಮ ಇನ್ನೂ ಐತಿ. ಹೂಡಿದ್ರ ಯಾವ ಪೊಲೀಸರೂ ಬರಂಗಿಲ್ಲ, ದಂಡ ಹಾಕಂಗಿಲ್ಲ, ಆದ್ರೂ ಹೂಡೋದಿಲ್ಲ, ಕೇಳಿದ್ರ ಮನ್ಯಾಗ ಹಿರೇರು ಒಂದೇ ಮಾತು ಅಂತಾರ, ಹಂಗ ಮಾಡಬಾರದು. ಈ ಬಾರದು ಅನ್ನೋದು ಎಷ್ಟು ಗಟ್ಟಿ ಮಾತು ಅಂದ್ರ ಅದಕ್ಕ ಕಾರಣ ಕೇಳೋರಿಲ್ಲ. ಯಾರರ ದೊಡ್ಡ ಅನ್ಯಾಯ ಮಾಡಿದ್ರ ಅಂವ ಮಾಡಬಾರದ್ದು ಮಾಡ್ಯಾನ ಅಂತೀವಿ, ಏನ್ ಮಾಡ್ದ ಅಂತ ಬಾಯಿ ಬಿಟ್ಟು ಹೇಳೋದಕ್ಕೂ ಮನಸ್ಸು ಬರಂಗಿಲ್ಲ. ನಿಫೇರಿಯಸ್‌ಗೆ ನಾನು ನೋಡಿದ ಎಲ್ಲ ಕನ್ನಡ ಅರ್ಥದಾಗ ಈ ಮಾಡಬಾರದ್ದು ಅನ್ನೋದೇ ಹತ್ರ ಬರ್ತೈತಿ, ದುಷ್ಟ ಅಲ್ಲ, ನೀಚ ಅಲ್ಲ. ದುಷ್ಟ, ನೀಚ ಅನ್ನೋವು ಮನುಷ್ಯನಿಗೆ ಅಂಟೋ ಮಾತು, ಮಾಡಬಾರದ್ದು ಅನ್ನೋದು ಕೆಲಸಕ್ಕ ಅಂಟೋ ಮಾತು. ಈ ಫರಕು ಮುಂದಕ್ಕೂ ಬರ್ತೈತಿ, ನೆನಪಿಟ್ಟುಕೊಳ್ರಿ.

ರೋಮನ್ನರ ಕ್ಯಾಲೆಂಡರಿನ್ಯಾಗೂ ಈ ಪದದ ಗುರುತು ಇತ್ತು. ಕೆಲವು ದಿನಗಳ ಮುಂದ ಎನ್ ಅಂತ ಒಂದು ಅಕ್ಷರ ಹಾಕ್ತಿದ್ರು, ನೆಫಾಸ್ತುಸ್ ಅಂತ, ಅವತ್ತು ನ್ಯಾಯ ಹೇಳೋ ಪ್ರೇಟರ್ ಅನ್ನೋ ಅಧಿಕಾರಿ ದೋ, ದೀಕೋ, ಅದ್ದೀಕೋ ಅನ್ನೋ ಮೂರು ಮಾತು ಬಾಯಿಂದ ಆಡಂಗಿಲ್ಲ. ಕೊಡ್ತೀನಿ, ಹೇಳ್ತೀನಿ, ಇವನಿಗೆ ಸೇರ್ತೈತಿ ಅಂತ ಅವುಗಳ ಅರ್ಥ. ಆ ಮೂರು ಮಾತಿಲ್ದ ಯಾವ ತೀರ್ಪೂ ನಡೀತಿರ್ಲಿಲ್ಲ, ಅಂದ್ರ ಅವತ್ತು ಕೋರ್ಟ್ ಬಂದ್. ಅವು ಕೆಟ್ಟ ದಿನ ಅಂತ ಅಲ್ಲ, ಆ ಕೆಲಸ ಅವತ್ತು ಮಾಡಬಾರದು ಅಷ್ಟೇ. ನಮ್ಮ ಸೋಮವಾರನೂ ಕೆಟ್ಟ ದಿನ ಅಲ್ಲಲ್ಲ.

ಈಗ ಬಳಕೆಗೆ ಬರೋಣ. ಇಂಗ್ಲಿಷ್ ಮಂದಿ ಈ ಪದದ ಮುಂದ ಏನ್ ಹಾಕ್ತಾರ ನೋಡಿದ್ರ ಅರ್ಧ ಅರ್ಥ ಅಲ್ಲೇ ಸಿಗ್ತೈತಿ. ಪರ್ಪಸ್, ಸ್ಕೀಮ್, ಪ್ಲಾಟ್, ಡಿಸೈನ್, ಮೋಟಿವ್, ಆಕ್ಟಿವಿಟಿ. ಎಲ್ಲದ್ರಾಗೂ ಒಂದು ಯೋಚನೆ, ಒಂದು ಹಂಚಿಕೆ ಐತಿ. ಕೂತು ಲೆಕ್ಕ ಹಾಕಿ, ಇದ್ರಿಂದ ಇನ್ನೊಬ್ಬರ ಮನಿ ಹಾಳಾಗ್ತೈತಿ ಅಂತ ಗೊತ್ತಿದ್ದೂ, ಸಿಗಬಾರದು ಅಂತ ಮುಚ್ಚಿಟ್ಟು ಮಾಡೋ ಕೆಲಸಕ್ಕ ಈ ಮಾತು. ಸಂತ್ಯಾಗ ಜಗಳ ಆಗಿ ಒಬ್ಬ ಇನ್ನೊಬ್ಬನ ಕಪಾಳಕ್ಕ ಹೊಡೆದ್ರ ಅದು ತಪ್ಪು, ಆದ್ರ ನಿಫೇರಿಯಸ್ ಅಲ್ಲ. ನೊಟೋರಿಯಸ್ ಜೊತಿ ಇದನ್ನ ಕಲಸೋ ಹುಡುಗ್ರು ಬಹಳ, ಕಿವಿಗೆ ಒಂದೇ ಥರ ಕೇಳ್ತಾವಲ್ಲ, ಆದ್ರ ನೊಟೋರಿಯಸ್ ಅಂದ್ರ ಕೆಟ್ಟದ್ದಕ್ಕ ಹೆಸರಾದೋನು, ಊರಿಗೆಲ್ಲ ಗೊತ್ತಿದ್ದೋನು. ನಿಫೇರಿಯಸ್ ಕೆಲಸ ಮಾಡೋನು ಊರಿಗೆ ಒಳ್ಳೇ ಮನುಷ್ಯನಾಗೇ ಇರಬಹುದು, ಜಾತ್ರಿಗೆ ದೊಡ್ಡ ಪಟ್ಟಿ ಕೊಡಬಹುದು.

ಹೇನಸ್ ಬ್ಯಾರೇನೇ. ಅದು ಹಳೇ ಫ್ರೆಂಚಿನ ದ್ವೇಷ ಅನ್ನೋ ಪದದಿಂದ ಬಂದಿದ್ದು, ಕೇಳಿದ ಕೂಡ್ಲೇ ಮೈ ಜುಮ್ ಅನ್ನೋ ಅಪರಾಧಕ್ಕ ಅದು. ನಮ್ಮ ದೇಶದ ಕಾನೂನಿನ್ಯಾಗ ಅದಕ್ಕ ಲೆಕ್ಕ ಹಾಕಿದ ಅರ್ಥನೂ ಐತಿ, 2015ರ ಬಾಲನ್ಯಾಯ ಕಾಯ್ದೆ ಒಳಗ, ಕಮ್ಮಿ ಅಂದ್ರೂ 7 ವರ್ಷ ಜೈಲು ಇರೋ ಅಪರಾಧಕ್ಕ ಹೇನಸ್ ಅಂತ ಹೆಸರು, 16ರಿಂದ 18 ವಯಸ್ಸಿನ ಒಳಗಿನೋರು ಅಂಥಾದ್ದು ಮಾಡಿದ್ರ ಬಾಲನ್ಯಾಯ ಮಂಡಳಿ ಮೊದ್ಲು ಆ ಹುಡುಗನ ಮನಸ್ಸು, ತಿಳುವಳಿಕೆ ಎಲ್ಲ ನೋಡಿ ಮುಂದಿಂದು ತೀರ್ಮಾನ ಮಾಡ್ತೈತಿ. ಸಿಟ್ಟಿನ್ಯಾಗ ಮಾಡಿದ ಕೊಲೆ ಹೇನಸ್ ಆಗಬಹುದು, ನಿಫೇರಿಯಸ್ ಆಗ್ಬೇಕಂತ ಇಲ್ಲ. ಅದೇ ಒಬ್ಬ ವಿಧವೆ ಹೆಣ್ಮಗಳ ಪಹಣಿಯೊಳಗಿನ ಹೆಸರು ಆಫೀಸಿನ್ಯಾಗ ಕೂತು ಬದಲು ಮಾಡಿದ್ರ, ಒಂದು ಹನಿ ರಕ್ತ ಬೀಳಂಗಿಲ್ಲ, ಯಾರೂ ಕೂಗಂಗಿಲ್ಲ, ಅದು ಪೂರಾ ನಿಫೇರಿಯಸ್.

ಈ ಪದ ನನಗ ಯಾಕ ಇಷ್ಟು ಮುಖ್ಯ ಅನಿಸ್ತೈತಿ ಅಂದ್ರ ಇಂಗ್ಲಿಷಿನ್ಯಾಗ ಕೆಟ್ಟತನಕ್ಕ ಇರೋ ಬ್ಯಾರೆ ಪದಗಳ ಹಿಂದ ಹೋಗಿ ನೋಡಿದ್ರ ಹೊಟ್ಟಿ ಉರೀತೈತಿ. ವಿಲನ್ ತಗೊಳ್ರಿ. ಸಿನಿಮಾದಾಗ ದಿನಾ ಕೇಳ್ತೀವಿ, ಆದ್ರ ಅದರ ಮೂಲ ಲ್ಯಾಟಿನ್ನಿನ ವಿಲ್ಲಾನುಸ್, ದೊಡ್ಡೋರ ಹೊಲಮನಿಯೊಳಗ ದುಡಿಯೋ ಆಳು ಅಂತ ಅರ್ಥ. ಅಷ್ಟೇರಿ. ಹೊಲದಾಗ ಕೆಲಸ ಮಾಡೋನು. ಒಡೆಯರು ಆ ಬಡವನ್ನ ನೋಡಿದ ರೀತಿ ಹೆಂಗಿತ್ತಂದ್ರ ಬರ್ತಾ ಬರ್ತಾ ಆಳು ಅನ್ನೋ ಪದನೇ ಒರಟ ಆಯ್ತು, ಒರಟ ಹೋಗಿ ನೀಚ ಆಯ್ತು, ನೀಚ ಹೋಗಿ ಈಗ ಕಥಿಯೊಳಗಿನ ಕೇಡಿಗ ಆಗ್ಯಾನ. ಭತ್ತ ನಾಟಿ ಮಾಡೋರ, ಹತ್ತಿ ಬಿಡಿಸೋರ ಮಕ್ಕಳು ನನ್ನ ಮುಂದ ಕೂತಿರ್ತಾರ, ಅವ್ರಿಗೆ ಈ ಪದದ ಕಥಿ ಹೇಳೋವಾಗ ನನ್ನ ದನಿ ಸ್ವಲ್ಪ ಏರ್ತೈತಿ. ಸಿನಿಸ್ಟರ್‌ದೂ ಹಂಗೇ, ಲ್ಯಾಟಿನ್ನಿನ್ಯಾಗ ಅದು ಎಡಗಡೆ ಅಂತ. ಎಡಚ ಆಗಿ ಹುಟ್ಟಿದ್ದೇ ಅಪಶಕುನ ಆಗಿಬಿಡ್ತು. ನಮ್ಮಲ್ಲೂ ಎಡಗೈಲೆ ಬರೀತಾನಂತ ಹುಡುಗರ ಕೈಗೆ ಹೊಡದು ಬಲಗೈಗೆ ತಿರುವಿದೋರು ಅದಾರ, ಈಗ್ಲೂ ಅದಾರ.

ಮತ್ತ ಕನ್ನಡದ ಬೈಗುಳ ನೋಡ್ರಿ. ಎಷ್ಟು ಬೈಗುಳ ಜಾತಿ ಹೆಸರಿಂದ ಬಂದಾವ, ಎಷ್ಟು ಕುರುಡು ಕುಂಟು ಅನ್ನೋದ್ರಿಂದ, ಎಷ್ಟು ಅವ್ವ ಅಕ್ಕನ ಮ್ಯಾಲಿಂದ ಬಂದಾವ. ತಪ್ಪು ಮಾಡಿದೋನು ಒಬ್ಬ, ಬೈಸಿಕೊಳ್ಳೋರು ಆ ಕಡೆ ಈ ಕಡೆ ಏನೂ ತಿಳೀದ ಮಂದಿ. ಬಸ್ ಸ್ಟ್ಯಾಂಡಿನ್ಯಾಗ, ಕಟ್ಟಿ ಮ್ಯಾಲೆ, ದೊಡ್ಡೋರು ಓದಿದೋರು ಎಲ್ಲಾರೂ ಆಡ್ತಾರ, ಏನ್ ಮಾತಾಡ್ತಿದ್ದೀವಿ ಅನ್ನೋ ಅರಿವೇ ಇರಂಗಿಲ್ಲ. ನಿಫೇರಿಯಸ್ ಅನ್ನೋ ಪದದ ಬೇರಿನ್ಯಾಗ ಯಾರ ಹುಟ್ಟೂ ಇಲ್ಲ, ಯಾರ ಕೈಯೂ ಇಲ್ಲ, ಯಾರ ಕಸುಬೂ ಇಲ್ಲ. ಅದು ನೇರ ಕೆಲಸಕ್ಕ ಬೊಟ್ಟು ಮಾಡ್ತೈತಿ, ಆ ಕೆಲಸದ ಹಿಂದಿನ ಉದ್ದೇಶಕ್ಕ ಬೊಟ್ಟು ಮಾಡ್ತೈತಿ. ಅದಕ್ಕೇ ಅದು ಆಕ್ಟಿವಿಟಿ, ಪರ್ಪಸ್ ಇಂಥಾ ನಾಮಪದಗಳ ಜೊತಿ ಹೊಂದೋದು. ಮನುಷ್ಯನಿಗೂ ಹಾಕ್ತಾರ, ನಿಫೇರಿಯಸ್ ಕ್ಯಾರೆಕ್ಟರ್ ಅಂತ ಕಥಿ ಸಿನಿಮಾ ಬಗ್ಗೆ ಬರೆಯೋವಾಗ, ವ್ಯಾಕರಣದಾಗ ತಪ್ಪಿಲ್ಲ, ಆದ್ರ ನನ್ನ ಕೇಳಿದ್ರ ಕೆಲಸಕ್ಕ ಹಾಕೋದೇ ಛಲೋ.

ಇದು ಬರೇ ಪುಸ್ತಕದ ಮಾತಲ್ಲ, ನಮ್ಮ ಭಾಗದಾಗ ಇದಕ್ಕ ಉದಾಹರಣಿ ಕೈಗೆ ಸಿಗ್ತಾವ. ನಕಲಿ ಹತ್ತಿ ಬೀಜ. ನಮ್ಮ ಸಂಬಂಧಿಕರ ಪೈಕಿ ಒಬ್ಬ ಕಾಕಾ ಆ ಪಾಕೀಟನ್ನ ನನಗ ತೋರಿಸಿದ್ರು. 475 ಗ್ರಾಮಿನ ಪಾಕೀಟು, ಹೊರಗಿಂದ ನೋಡಿದ್ರ ಅಸಲಿಯಂಗೇ ಐತಿ, ಹೊಳೆಯೋ ಪ್ಲಾಸ್ಟಿಕ್, ಬಿಳೇ ಹೂವಿನಂಗ ಅರಳಿದ ಕಾಯಿ ಫೋಟೋ, ಲಾಟ್ ನಂಬರ್, ಟೆಸ್ಟ್ ಮಾಡಿದ ತಾರೀಖು, ಮೊಳಕೆ ಶೇಕಡಾ ಇಷ್ಟು ಅಂತ ಎಲ್ಲ ಅಚ್ಚಾಗೈತಿ. ಬೆಳಕಿಗೆ ಹಿಡಿದು ನೋಡಿದ್ರ ತಾರೀಖಿನ ಅಂಕಿ ಕೆಳಗ ಇನ್ನೊಂದು ಅಂಕಿ ಅಳಿಸಿದ ಕಲೆ ಕಾಣ್ತಿತ್ತು, ಉಗುರಿಲೆ ಕೆರದ್ರ ಮ್ಯಾಲಿನ ಮಸಿ ಬರ್ತಿತ್ತು. ಬೀಜ ಹುಟ್ಟಿತು, ಗಿಡ ಸೊಂಟದ ಮಟ ಬೆಳೀತು, ಹಚ್ಚಗ ಕಂಗೊಳಿಸ್ತು, ಔಷಧಿ ಹೊಡದ್ರು, ಗೊಬ್ಬರ ಹಾಕಿದ್ರು, ಕಳೆ ತಗ್ಸಿದ್ರು, ಕಾಯಿ ಮಾತ್ರ ಹಿಡೀಲಿಲ್ಲ. ಖಾಲಿ ಪಾಕೀಟು ಮತ್ತ ಬಿಲ್ಲನ್ನ ಕಾಕಿ ಜಂತಿ ಸಂದಿಯೊಳಗ ಸಿಗಿಸಿ ಇಟ್ಟಿದ್ದಕ್ಕ ಕೇಸ್ ಹಾಕೋದಕ್ಕ ಒಂದು ಆಧಾರ ಆದ್ರೂ ಉಳೀತು. (ಬೀಜ ತಗೊಂಡೋರು ದಯವಿಟ್ಟು ಬಿಲ್ಲು, ಪಾಕೀಟು ಎರಡೂ ಒಗೀಬ್ಯಾಡ್ರಿ, ಒಂದು ಹಿಡಿ ಬೀಜನೂ ತೆಗೆದಿಡ್ರಿ. ರೈತರು ಗ್ರಾಹಕರ ಕೋರ್ಟಿಗೆ ಹೋಗಬಹುದು ಅಂತ 2012ರಾಗ ಸುಪ್ರೀಂ ಕೋರ್ಟೇ ಹೇಳೈತಿ.)

ಈಗ ಇದ್ರಾಗ ಪದ ಹೆಂಗ ಹಾಕಬೇಕು ನೋಡ್ರಿ. ಅಂಗಡಿಯೋನಿಗೆ ಗೊತ್ತಿಲ್ದ ಬಂದ ಮಾಲು ಮಾರಿದ್ರ ಅದು ನೆಗ್ಲಿಜೆನ್ಸ್, ನಿರ್ಲಕ್ಷ್ಯ. ಎಲ್ಲೋ ಗೋಡೌನಿನ್ಯಾಗ ಕೂತು ಎಣ್ಣಿಗೆ ಹೋಗೋ ಹತ್ತಿಕಾಳಿಗೆ ಬಣ್ಣ ಹಚ್ಚಿ, ತಾರೀಖು ಅಳಿಸಿ, ಪಾಕೀಟಿಗೆ ತುಂಬಿದೋನು ಐದಾರು ತಿಂಗಳ ಆದ ಮ್ಯಾಲೆ ಆ ಹೊಲದಾಗ ಏನಾಗ್ತೈತಿ ಅನ್ನೋದನ್ನ ಪೂರಾ ತಿಳಿದೇ ಮಾಡಿರ್ತಾನ, ಅದು ನಿಫೇರಿಯಸ್. 1966ರ ಬೀಜ ಕಾಯ್ದೆ ತೆಗೆದು ನೋಡಿದ್ರ ಮೊದಲ ಸಲ ಸಿಕ್ಕಿಬಿದ್ದೋನಿಗೆ ದಂಡ 500 ರೂಪಾಯಿ ತನಕ. 500 ರೂಪಾಯಿ! ಎರಡನೇ ಸಲಕ್ಕ ಆರು ತಿಂಗಳ ತನಕ ಜೈಲು ಇಲ್ಲಾ ಸಾವಿರ ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಮನುಷ್ಯರ ಕಾನೂನು ಬ್ಯಾರೆ, ಅದರ ಮ್ಯಾಲಿನ ಕಾನೂನು ಬ್ಯಾರೆ ಅಂತ ರೋಮನ್ನರು ಯಾಕ ಎರಡು ಪದ ಇಟ್ಟುಕೊಂಡಿದ್ರು ಅನ್ನೋದು ಈ ಅಂಕಿ ನೋಡಿದಾಗ ನನಗ ಚಂದಾಗಿ ತಿಳೀತು.

ಇನ್ನೊಂದು, ನನ್ನ ಕ್ಲಾಸಿನ ಹುಡುಗ್ರಿಗೆ ನೇರ ತಾಗಿದ್ದು. ಪಿಎಸ್ಐ, ಅಂದ್ರ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ನೇಮಕಾತಿ. 545 ಹುದ್ದೆ, ಪರೀಕ್ಷೆ ನಡೆದಿದ್ದು 2021ರ ಅಕ್ಟೋಬರ್‌ದಾಗ. ಆಮ್ಯಾಲೆ ಸಿಐಡಿ ತನಿಖೆಯೊಳಗ ಬ್ಲೂಟೂತ್‌ನಿಂದ ಉತ್ತರ ಕೇಳಿಸಿಕೊಂಡಿದ್ದು ಹೊರಗ ಬಂತು, ಒಎಂಆರ್ ಶೀಟ್ ತಿದ್ದಿದ್ದು ಬಂತು, 2022ರ ಏಪ್ರಿಲ್‌ದಾಗ ಸರ್ಕಾರ ಪರೀಕ್ಷೇನೇ ರದ್ದು ಮಾಡ್ತು, ಮತ್ತ ಮರುಪರೀಕ್ಷೆ ನಡೆದಿದ್ದು 2024ರ ಜನವರಿಗೆ. ಒಎಂಆರ್ ಶೀಟ್ ಅಂದ್ರ ಏನ್ರಿ, ಸಣ್ಣ ಸಣ್ಣ ಸೊನ್ನಿ, ಒಂದೊಂದನ್ನೂ ಬಾಲ್‌ಪೆನ್ನಿಲೆ ಅಂಚು ದಾಟದಂಗ ತುಂಬಬೇಕು, ನಮ್ಮ ಹುಡುಗ್ರು ಅದನ್ನೂ ಪ್ರಾಕ್ಟೀಸ್ ಮಾಡ್ತಾರ, ಕೈ ಬೆವರಿ ಶೀಟ್ ಒದ್ದಿ ಆಗಬಾರದಂತ ಕೈಯಾಗ ಕರವಸ್ತ್ರ ಹಿಡಕೊಂಡು ಕೂರ್ತಾರ. ಆ ಕಡೆ ಯಾರೋ ಸೊನ್ನಿ ಖಾಲಿ ಬಿಟ್ಟು ಹೋಗ್ತಾರ, ಆಮ್ಯಾಲೆ ಇನ್ಯಾರೋ ಬಾಗಿಲು ಹಾಕಿಕೊಂಡು ತುಂಬ್ತಾರ. ಆ ಎರಡು ವರ್ಷದಾಗ ವಯಸ್ಸಿನ ಮಿತಿ ದಾಟಿ ಹೋದೋರು ಅದಾರ, ಓದೋದು ಬಿಟ್ಟು ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕ ಹೋದೋರು ಅದಾರ.

2024ರಾಗ ಇದಕ್ಕಂತೇ ಕೇಂದ್ರದ ಕಾಯ್ದೆ ಬಂತು, ಸಂಘಟಿತ ಅಪರಾಧ ಆದ್ರ 5ರಿಂದ 10 ವರ್ಷ ಜೈಲು, ಕಮ್ಮಿ ಅಂದ್ರೂ 1 ಕೋಟಿ ದಂಡ. ಶಿಕ್ಷೆ ಗಟ್ಟಿ ಐತಿ, ಒಪ್ಪತೀನಿ. ಆದ್ರ ಆ ಕಾಯ್ದೆ ಹೆಸರಿನ್ಯಾಗ ಇರೋ ಪದ ಅನ್‌ಫೇರ್ ಮೀನ್ಸ್, ಅಡ್ಡದಾರಿ ಅಂತ. ಸಾಲಿ ಹುಡುಗ ಚೀಟಿ ಇಟ್ಟುಕೊಂಡು ಬಂದ್ರೂ ಅದೇ ಪದ, ಲಕ್ಷ ಲಕ್ಷ ಇಸಕೊಂಡು ಹುದ್ದೆ ಮಾರಿದ್ರೂ ಅದೇ ಪದ. ಕಾನೂನು ಬರೆಯೋರಿಗೆ ತೂಕದ ಪದ ಬ್ಯಾಡ, ಅಳತಿಗೆ ಸಿಗೋ ಪದ ಬೇಕು, ಅದು ಅವ್ರ ಕಷ್ಟ. ಅದ್ರ ಬಗ್ಗೆ ಬರೆಯೋರು ಮಾತಾಡೋರು ಮಾತ್ರ ನಿಫೇರಿಯಸ್ ಅಂತ ಬಾಯಿ ತುಂಬ ಅನ್ನಬೇಕು ಅನ್ನೋದು ನನ್ನ ಮಾತು.

ಹಂಗಂತ ಸಿಕ್ಕಿದ್ದಕ್ಕೆಲ್ಲ ಹಾಕಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟಿನ್ಯಾಗ 19ನೇದು ಚೈನ್ ತುಂಡಾಗಿ ಕೊಚ್ಚಿಕೊಂಡು ಹೋಯ್ತಲ್ಲ, ನಮ್ಮ ಕಡೆ ಯಾರಿಗೂ ನಿದ್ದಿ ಇಲ್ಲ, ಅವತ್ತು ಮಂದಿ ಬಾಯಿಗೆ ಬಂದದ್ದೆಲ್ಲ ಅಂದ್ರು, ಯಾರೋ ಬೇಕಂತ ಮಾಡಿಸ್ಯಾರ ಅನ್ನೋತನಕ ಹೋಯ್ತು ಮಾತು. ಎಪ್ಪತ್ತು ವರ್ಷದ ಗೇಟು, ಸವೆದ ಚೈನು. ನಿರ್ವಹಣೆ ಬಗ್ಗೆ ಗಟ್ಟಿಯಾಗಿ ಕೇಳಬೇಕು, ಕೇಳ್ಲೇಬೇಕು, ಆದ್ರ ಅದಕ್ಕ ಬ್ಯಾರೆ ಪದ ಅದಾವ. ದೊಡ್ಡ ಪದ ಎಲ್ಲದಕ್ಕೂ ಬಳಸಿದ್ರ ಖರೇನ ಮಾಡಬಾರದ್ದು ಮಾಡಿದೋನು ಸಿಕ್ಕಾಗ ಹೇಳೋದಕ್ಕ ನಮ್ಮ ಹತ್ರ ಏನೂ ಉಳಿದಿರಂಗಿಲ್ಲ.

ಈ ಪದ ಹಾಕಿ ಒಂದು ವಾಕ್ಯ ಬರ್ಕೊಂಡು ಬರ್ರಿ ಅಂತ ಹೇಳಿದ್ದಕ್ಕ ಮಾನ್ವಿ ಕಡೆಯ ಒಬ್ಬಾಕಿ ಹುಡುಗಿ ಕಾಲುವೆ ನೀರಿನ ಬಗ್ಗೆ ಬರ್ಕೊಂಡು ಬಂದಿದ್ಲು. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ, ಅವ್ರ ಊರು ಟೇಲೆಂಡ್, ಅಂದ್ರ ಕಾಲುವೆಯ ಕೊನೀ ಭಾಗ, ಮ್ಯಾಲಿನೋರು ನೀರು ಎಳಕೊಂಡ್ರ ಕೆಳಗಿನ ಗದ್ದಿಗೆ ಬರೋದು ಹಸಿ ಮಣ್ಣಷ್ಟೇ. ಮೇಲ್ಭಾಗದೋರು ನಿಫೇರಿಯಸ್ ಅಂತ ಬರ್ದಿದ್ಲು. ನಾನು ಒಪ್ಪಲಿಲ್ಲ. ಯವ್ವಾ, ಎರಡು ಎಕರೆದೋನು ಪೈರು ಒಣಗೋದು ನೋಡಲಾರದ ರಾತ್ರಿ ಪಂಪ್ ಹಚ್ಚಿದ್ರ ಅದು ಸಂಕಟ, ಆ ಪದ ಅವನ ಮ್ಯಾಲೆ ಹೊರಿಸಬ್ಯಾಡ ಅಂದೆ. ಅಕಿ ಬಿಡಲಿಲ್ಲ.

‘ಮೇಡಂ, ಪಂಪ್ ಹಚ್ಚಿದೋರ ಬಗ್ಗೆ ನಾ ಬರ್ದಿಲ್ರಿ. ಕಾಲುವೆ ದಂಡಿ ಕೊರದು, ಒಳಗ ದೊಡ್ಡ ಪೈಪ್ ಹಾಕಿ, ಮ್ಯಾಲೆ ಮಣ್ಣು ಮುಚ್ಚಿ, ಹುಲ್ಲು ಬೆಳೆಸ್ಯಾರ್ರಿ. ಹತ್ತಾರು ಎಕರೆ ಇದ್ದೋರು. ಚೆಕ್ ಮಾಡಾಕ ಬಂದ್ರೂ ಕಾಣಬಾರದಂತ ಮುಚ್ಚ್ಯಾರ. ನಮ್ಮ ಊರಿಗೆ ನೀರು ಬರಂಗಿಲ್ಲಂತ ಅವ್ರಿಗೆ ಗೊತ್ತಿಲ್ಲೇನ್ರಿ?’

ಗೊತ್ತು. ಮೇಲ್ಭಾಗದೋರು ಅನ್ನೋದನ್ನ ಹೊಡದು ಹಾಕಿ, ಆ ಪೈಪ್ ಹೂಳಿದ ಕೆಲಸದ ಮುಂದ ನಿಫೇರಿಯಸ್ ಬರೀ ಅಂದೆ, ಬರದ್ಲು, ಆ ವಾಕ್ಯಕ್ಕ ನಾನು ಪೂರಾ ಮಾರ್ಕ್ಸ್ ಕೊಟ್ಟೆ.